ಪುಟ್ಟ ಮಗುವಿನ ಹುಟ್ಟುಹಬ್ಬ ಮನೆಯಲ್ಲೇ: ಕೂಸಿನಿಂದ ಅಜ್ಜಿಯವರೆಗೆ ಎಲ್ಲರೂ ಬರುವಾಗ

ದಿನ ಗೊತ್ತಾದ ಮೇಲೆ ತೀರ್ಮಾನವಾಗಬೇಕಾದದ್ದು ಹೊತ್ತು. ಅದನ್ನು ನೆಂಟರ ಅನುಕೂಲಕ್ಕೆ ಬಿಡಬೇಡಿ, ಮಗುವಿನ ನಿದ್ದೆಗೆ ಬಿಡಿ. ಒಂದೂವರೆ ವರ್ಷ ದಾಟಿದ ಹೆಚ್ಚಿನ ಮಕ್ಕಳು ಹಗಲು ಒಂದೇ ಸಲ, ಮಧ್ಯಾಹ್ನ, ಒಂದೂವರೆಯಿಂದ ಎರಡೂವರೆ ಗಂಟೆ ಮಲಗುತ್ತವೆ. ಎದ್ದ ಮೇಲೆ ಅರ್ಧ ಗಂಟೆ ಮಂಕಾಗಿ ಮಡಿಲಿಗೆ ಅಂಟಿಕೊಂಡಿರುತ್ತವೆ. ಆಮೇಲೆ ಎರಡು ಗಂಟೆ ಹುಮ್ಮಸ್ಸು. ಕತ್ತಲಾಗುತ್ತಿದ್ದಂತೆ ಮತ್ತೆ ರಚ್ಚೆ. ಮಗು ಮೂರಕ್ಕೆ ಏಳುವುದಾದರೆ ನಾಲ್ಕಕ್ಕೆ ಶುರು ಮಾಡಿ ಐದೂಮುಕ್ಕಾಲಿಗೆ ಮುಗಿಸಬೇಕು. ದಿನಕ್ಕೆ ಎರಡು ಸಲ ಮಲಗುವ ಒಂದು ವರ್ಷದ ಮಗುವಾದರೆ ಎರಡು ನಿದ್ದೆಗಳ ನಡುವಿನ ಹೊತ್ತೇ ಸರಿ, ಅದೂ ಒಂದೂವರೆ ಗಂಟೆ ಮೀರದಂತೆ. 'ಸಂಜೆ ಏಳಕ್ಕೆ ಇಟ್ಟುಕೊಂಡರೆ ಎಲ್ಲರೂ ಕೆಲಸ ಮುಗಿಸಿ ಬರುತ್ತಾರೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಲ್ಲರೂ ಬರುತ್ತಾರೆ, ಹುಟ್ಟುಹಬ್ಬದ ಮಗು ಮಾತ್ರ ಅಳುತ್ತಾ ಒಳಕೋಣೆಯಲ್ಲಿರುತ್ತದೆ.

ಕರೆಯುವಾಗಲೇ ಮೂರು ವಿಷಯ ತಿಳಿಸಿ, ಎರಡು ಕೇಳಿ. ತಿಳಿಸಬೇಕಾದವು: ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಪೂರ್ತಿ ಊಟವೋ ಬರೀ ತಿಂಡಿಯೋ ಎಂಬುದು. ಮುಗಿಯುವ ಹೊತ್ತು ಹೇಳುವುದಕ್ಕೆ ಸಂಕೋಚ ಬೇಡ. ಚಿಕ್ಕ ಮಕ್ಕಳಿರುವ ನೆಂಟರಿಗೆ ಅದರಿಂದ ಅನುಕೂಲವೇ. ಕೇಳಬೇಕಾದವು: ಬರುವ ಮಕ್ಕಳ ವಯಸ್ಸು, ಯಾರಿಗಾದರೂ ಅಲರ್ಜಿ ಇದೆಯೇ ಎಂಬುದು. ವಯಸ್ಸು ಗೊತ್ತಾಗದೆ ಮನೆ ಸಜ್ಜು ಮಾಡುವುದಕ್ಕೆ ಆಗುವುದಿಲ್ಲ. ಎಷ್ಟು ಜನರನ್ನು ಕರೆಯಬೇಕು ಎನ್ನುವುದು ಅವರವರ ಮನೆಯ ವಿಚಾರ, ಆದರೆ ಇಪ್ಪತ್ತರ ಮೇಲೆ ಹೋದರೆ ಎರಡು ವರ್ಷದ ಮಗುವಿಗೆ ಮುಖಗಳಿಗಿಂತ ಕಾಲುಗಳೇ ಹೆಚ್ಚು ಕಾಣುತ್ತವೆ.

ನೆಲ, ಮೇಜು, ಕಪಾಟು

ಎಲ್ಲ ವಯಸ್ಸಿನವರೂ ಒಂದೇ ಸೂರಿನಡಿ ಸೇರಿದಾಗ ಬರುವ ತೊಂದರೆಗಳಿಗೆ ಹೆಚ್ಚಿನ ಸಲ ಕಾರಣ ಒಂದೇ: ಒಬ್ಬರಿಗೆ ಸೇರಿದ ವಸ್ತು ಇನ್ನೊಬ್ಬರ ಕೈಗೆ ಸಿಗುತ್ತದೆ. ಅಣ್ಣನ ಮಣಿ ತಂಗಿಯ ಬಾಯಿಗೆ, ಅತ್ತೆಯ ಬಿಸಿ ಲೋಟ ಅಳಿಯನ ಕೈಗೆ. ಹಾಗಾಗಿ ಮನೆಯನ್ನು ಎತ್ತರದ ಲೆಕ್ಕದಲ್ಲಿ ಹಂಚುವುದು ಉಳಿದೆಲ್ಲ ವಿಧಾನಕ್ಕಿಂತ ಚೆನ್ನಾಗಿ ನಡೆಯುತ್ತದೆ. ನೆಲ ಮೂರು ವರ್ಷದೊಳಗಿನವರದು. ಮೇಜು ದೊಡ್ಡ ಮಕ್ಕಳದು. ಮೇಜಿಗಿಂತ ಮೇಲಿನದು ದೊಡ್ಡವರದು.

ಅಳತೆ ಗೊತ್ತಿದ್ದರೆ ಇದು ಸುಲಭ. ಎರಡು ವರ್ಷದ ಮಗು ಸುಮಾರು 85 ಸೆಂಟಿಮೀಟರ್ ಎತ್ತರ. ಹಿಮ್ಮಡಿ ಎತ್ತಿ ಕೈ ಚಾಚಿದರೆ ಒಂದು ಮೀಟರಿನಷ್ಟು ಮೇಲಿನದು ಎಟುಕುತ್ತದೆ. ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರ್. ಅಂದರೆ ಮೇಜಿನ ಅಂಚು ಸುರಕ್ಷಿತ ಜಾಗವಲ್ಲ, ನಡುಭಾಗ ಮಾತ್ರ. ಚಾಕು, ಕತ್ತರಿ, ಬೆಂಕಿಪೊಟ್ಟಣ, ಬಿಸಿ ಪಾತ್ರೆ ಇವೆಲ್ಲ ಅಂಚಿನಿಂದ ಒಂದು ಮೊಳ ಒಳಗೆ ಅಥವಾ ಮೇಲಿನ ಕಪಾಟಿನಲ್ಲಿ. ಮೇಜಿಗೆ ಇಳಿಬೀಳುವ ಬಟ್ಟೆ ಹಾಸಬೇಡಿ. ಮಗು ಬಟ್ಟೆ ಹಿಡಿದು ಎದ್ದು ನಿಲ್ಲಲು ನೋಡಿದರೆ ಮೇಲಿರುವುದೆಲ್ಲ ಅದರ ತಲೆಯ ಮೇಲೆ ಬರುತ್ತದೆ. ಹಾಸಲೇಬೇಕಿದ್ದರೆ ಅಂಚನ್ನು ಮಡಚಿ ಮೇಜಿನ ಅಡಿಗೆ ಟೇಪು ಹಾಕಿ ಅಂಟಿಸಿ.

ನೆಲದ ಮೇಲೆ ಏನಿರಬಹುದು ಎನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿರುವ ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದರೊಳಗೆ ತೂರುವ ಯಾವ ವಸ್ತುವೂ ನೆಲದಲ್ಲಿ ಇರಕೂಡದು. ಹಬ್ಬದ ಹಿಂದಿನ ರಾತ್ರಿ ಒಬ್ಬರು ಮೊಣಕಾಲೂರಿ ಇಡೀ ಕೋಣೆಯನ್ನು ಮಗುವಿನ ಕಣ್ಣೆತ್ತರದಿಂದ ನೋಡಬೇಕು. ಸೋಫಾದ ಅಡಿಯ ನಾಣ್ಯ, ಗೋಡೆಯ ಬುಡದ ಪ್ಲಗ್ಗು, ಪರದೆಯ ಇಳಿಬಿದ್ದ ದಾರ, ಅಲುಗಾಡುವ ಪುಸ್ತಕದ ಕಪಾಟು ನಿಂತವರಿಗೆ ಕಾಣುವುದಿಲ್ಲ.

ದೊಡ್ಡ ಮಕ್ಕಳ ಸಣ್ಣ ತುಂಡುಗಳ ಆಟಿಕೆ, ಮಣಿ, ಚೀಟಿ ಆಟಗಳಿಗೆ ಸಾಧ್ಯವಿದ್ದರೆ ಬೇರೆ ಕೋಣೆ ಕೊಡಿ, ಬಾಗಿಲು ಮುಚ್ಚಿರಲಿ. ಬೇರೆ ಕೋಣೆ ಇಲ್ಲದಿದ್ದರೆ ಎತ್ತರದ ಮೇಜು, ಜೊತೆಗೆ ಒಂದು ಅಂಚುಳ್ಳ ತಟ್ಟೆ. ತಟ್ಟೆಯಿಂದ ಆಚೆ ತುಂಡು ಹೋಗಬಾರದು ಎಂಬ ನಿಯಮವನ್ನು ಏಳು ವರ್ಷದ ಮಗು ಹೆಮ್ಮೆಯಿಂದ ಪಾಲಿಸುತ್ತದೆ, 'ಪಾಪು ನುಂಗಿಬಿಟ್ಟರೆ?' ಎಂದು ಕಾರಣ ಹೇಳಿದರೆ ಸಾಕು. ಇನ್ನೂ ಅಂಬೆಗಾಲಿಡದ ಕೂಸುಗಳಿಗೆ ಕೋಣೆಯ ಒಂದು ಮೂಲೆ, ಎರಡು ಬದಿ ಗೋಡೆ, ಮೂರನೆಯ ಬದಿ ಸೋಫಾ. ಓಡುವ ಮಕ್ಕಳ ದಾರಿ ಆ ಕಡೆ ಹಾಯದಂತೆ ನೋಡಿಕೊಳ್ಳಿ.

ಒಂದು ಮಲಗುವ ಕೋಣೆಯನ್ನು ನಿಶ್ಶಬ್ದಕ್ಕೆಂದೇ ಬಿಡಿ. ಪರದೆ ಎಳೆದಿರಲಿ, ನೆಲದ ಮೇಲೆ ಡೈಪರ್ ಬದಲಿಸುವ ಹಾಸು, ಒರೆಸುವ ಬಟ್ಟೆ, ಮುಚ್ಚಳದ ಕಸದ ಬುಟ್ಟಿ ಇರಲಿ. ಹಾಲೂಡಿಸುವ ತಾಯಿಗೂ ತೂಕಡಿಸುವ ಕೂಸಿಗೂ ಅದೇ ಜಾಗ, ಗದ್ದಲಕ್ಕೆ ಬೆಚ್ಚಿ ಅಳುವ ಹುಟ್ಟುಹಬ್ಬದ ಮಗುವಿಗೂ ಅದೇ.

ವಯಸ್ಸಾದವರಿಗೆ ಆಳವಾದ ಮೆತ್ತನೆ ಸೋಫಾ ಬೇಡ, ಎದ್ದೇಳಲು ಕಷ್ಟ. ಕೈಯಿರುವ ಗಟ್ಟಿ ಕುರ್ಚಿ, ಬಚ್ಚಲಿಗೆ ಹೋಗುವ ದಾರಿ ನೇರ, ಮಕ್ಕಳ ಆಟ ಕಾಣುವ ಕಡೆ, ಸ್ಪೀಕರಿನಿಂದ ದೂರ. ಕಿವಿ ಮಂದವಾದವರಿಗೆ ಹಾಡಿನ ಸದ್ದಿನ ನಡುವೆ ಮಾತು ಗುರುತು ಹಿಡಿಯುವುದು ಕಷ್ಟವಾಗಿ ಸುಮ್ಮನೆ ನಗುತ್ತಾ ಕೂರುತ್ತಾರೆ. ಒಂದು ತೋಳಿನ ದೂರದಲ್ಲಿರುವವರ ಜೊತೆ ದನಿ ಏರಿಸದೆ ಮಾತಾಡಬಹುದಾದಷ್ಟೇ ಹಾಡು ಕೇಳಿಸಲಿ.

ಇನ್ನೊಂದು, ಹೆಚ್ಚಿನವರು ಮರೆಯುವುದು: ಬಂದವರ ಕೈಚೀಲ. ಅದರಲ್ಲಿ ಮಾತ್ರೆ, ನಾಣ್ಯ, ಬೆಂಕಿಪೊಟ್ಟಣ ಎಲ್ಲ ಇರುತ್ತವೆ. ಸೋಫಾದ ಪಕ್ಕ ನೆಲದ ಮೇಲಿಟ್ಟ ಚೀಲದ ಜಿಪ್ಪು ಎಳೆಯುವುದು ಎರಡು ವರ್ಷದವರ ಮೆಚ್ಚಿನ ಆಟ. ಬಾಗಿಲಲ್ಲೇ ಚೀಲಗಳನ್ನು ಇಸಿದುಕೊಂಡು ಎತ್ತರದ ಕಪಾಟಿನಲ್ಲೋ ಬೀಗವಿರುವ ಕೋಣೆಯಲ್ಲೋ ಇಡಿ. ಚಪ್ಪಲಿಗಳನ್ನೂ ದಾರಿಯಿಂದ ಬದಿಗೆ ಸರಿಸಿ. ಬಚ್ಚಲಿನ ಬಕೆಟ್ಟುಗಳು ಖಾಲಿಯಿರಲಿ: ಕೆಲವೇ ಸೆಂಟಿಮೀಟರ್ ನೀರಿನಲ್ಲಿ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಸಾಕುಪ್ರಾಣಿ ಎಷ್ಟೇ ಸಾಧುವಾಗಿದ್ದರೂ ಆ ಎರಡು ಗಂಟೆ ಬೇರೆ ಕೋಣೆಯಲ್ಲಿರಲಿ.

ಅಲಂಕಾರ

ಬಲೂನಿಲ್ಲದ ಹುಟ್ಟುಹಬ್ಬ ಹೇಗೆ ಎನ್ನುತ್ತೀರಿ. ರಬ್ಬರ್ ಬಲೂನು ಚಿಕ್ಕ ಮಕ್ಕಳಿಗೆ ನಿಜಕ್ಕೂ ಅಪಾಯ. ಒಡೆದ ತುಂಡೋ ಊದದ ಬಲೂನೋ ಗಂಟಲಿಗೆ ಹೋದರೆ ಉಸಿರುನಾಳದ ಬಾಯಿಗೆ ಅಂಟಿಕೊಂಡು ಗಾಳಿ ಪೂರ್ತಿ ಕಟ್ಟುತ್ತದೆ, ಗಟ್ಟಿ ಪದಾರ್ಥದಂತೆ ಬೆನ್ನು ತಟ್ಟಿದರೆ ಸುಲಭವಾಗಿ ಹೊರಬರುವುದಿಲ್ಲ. ಎಂಟು ವರ್ಷದೊಳಗಿನವರಿಗೆ ಎಚ್ಚರಿಕೆ ಎಂದು ಪೊಟ್ಟಣಗಳ ಮೇಲೆ ಬರೆದಿರುವುದು ಇದಕ್ಕೇ. ಬೇಕೇ ಬೇಕಿದ್ದರೆ ಎರಡು ಮೀಟರಿಗಿಂತ ಮೇಲೆ ಗೋಡೆಗೆ ಬಿಗಿಯಾಗಿ ಕಟ್ಟಿ, ಒಡೆದ ತಕ್ಷಣ ತುಂಡುಗಳನ್ನು ಎಣಿಸಿ ಹೆಕ್ಕುವ ಒಬ್ಬರನ್ನು ನೇಮಿಸಿ. ಇದಕ್ಕಿಂತ ಹೊಳೆಯುವ ಫಾಯಿಲ್ ಬಲೂನು ವಾಸಿ. ಅದರ ಉದ್ದ ದಾರ ಮಾತ್ರ ಮಕ್ಕಳ ಕೊರಳಿಗೆ ಎಟುಕಬಾರದು. ಕಾಗದದ ತೋರಣ, ಬಟ್ಟೆಯ ಬಾವುಟಗಳಿಗೆ ಈ ಯಾವ ತಲೆನೋವೂ ಇಲ್ಲ.

ಪಟ್ಟೆಂದು ಸಿಡಿದು ಬಣ್ಣದ ಚೂರು ಎರಚುವ ಕೊಳವೆ, ನೊರೆ ಚಿಮ್ಮುವ ಸ್ಪ್ರೇ ಡಬ್ಬಿ ಎರಡನ್ನೂ ಮನೆಯೊಳಗೆ ತರಬೇಡಿ. ಚೂರುಗಳು ಕೂಸಿನ ಬಾಯಿಗೆ ಹೋಗುತ್ತವೆ. ಸ್ಪ್ರೇಯಲ್ಲಿ ಬೆಂಕಿ ಹಿಡಿಯುವ ಅನಿಲ ಇರಬಹುದು, ಉರಿಯುವ ಮೇಣದ ಬತ್ತಿಯ ಹತ್ತಿರ ಚಿಮ್ಮಿಸಿದರೆ ಭುಗ್ಗೆನ್ನುತ್ತದೆ. ಹಾಡುವ ಮೇಣದ ಬತ್ತಿ, ಮಿನುಗುವ ಉಂಗುರ, ಮಿಣಮಿಣ ಕಿರೀಟಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಕಾದು ನೋಡದೆ ಆಸ್ಪತ್ರೆಗೆ ಓಡಬೇಕು.

ತಿನ್ನುವುದು

ಪೂರ್ತಿ ಊಟವಿಲ್ಲದ ಎರಡು ಗಂಟೆಯ ಕೂಟಕ್ಕೆ ದೊಡ್ಡವರಿಗೆ ತಲೆಗೆ ಐದಾರು ಸಣ್ಣ ತಿಂಡಿ, ಚಿಕ್ಕ ಮಕ್ಕಳಿಗೆ ಎರಡು ಮೂರು ಸಾಕು. ಕೇಕಿನ ಲೆಕ್ಕ ಹೀಗೆ: ದೊಡ್ಡವರ ತುಂಡು 80 ಗ್ರಾಂ, ಪುಟ್ಟವರದು 40. ಹನ್ನೆರಡು ದೊಡ್ಡವರು, ಎಂಟು ಮಕ್ಕಳಾದರೆ 1 ಕಿಲೋ 280 ಗ್ರಾಂ ಆಯಿತು, ಒಂದೂವರೆ ಕಿಲೋ ತಂದರೆ ಎರಡನೆಯ ಸಲ ಕೇಳುವವರಿಗೂ ಆಗುತ್ತದೆ. ತಟ್ಟೆ, ಲೋಟ ಕಾಲು ಭಾಗ ಹೆಚ್ಚಿಗೆ ಇರಲಿ, ಮಕ್ಕಳು ಬೀಳಿಸುತ್ತಾರೆ, ದೊಡ್ಡವರು ಎಲ್ಲಿಟ್ಟೆನೆಂದು ಮರೆಯುತ್ತಾರೆ.

ಎಲ್ಲರಿಗೂ ಒಂದೇ ತಿಂಡಿ ಮಾಡಿ, ಕತ್ತರಿಸುವ ರೀತಿ ಬದಲಿಸಿ. ಎರಡೆರಡು ಅಡುಗೆ ಮಾಡುವ ಶ್ರಮ ಉಳಿಯುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಅಡ್ಡಕ್ಕೆ ಕತ್ತರಿಸಿದರೆ ಅದೇ ದುಂಡು ಉಳಿದು ಪುಟ್ಟ ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಸಣ್ಣ ಟೊಮೆಟೊಗೂ ಇದೇ ನಿಯಮ. ಕ್ಯಾರೆಟ್ಟು, ಸೇಬು ಬೇಯಿಸಿ ಮೆತ್ತಗೆ ಮಾಡಿ ಅಥವಾ ತುರಿದು ಕೊಡಿ. ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಸಕ್ಕರೆ ಮಿಠಾಯಿ ಇವು ಐದು ವರ್ಷದೊಳಗಿನವರು ಇರುವ ಕೋಣೆಗೇ ಬೇಡ, ಬಟ್ಟಲಲ್ಲಿಟ್ಟರೆ ಅವರ ಕೈಗೆ ಸಿಕ್ಕೇ ಸಿಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ರೋಗ ತರುತ್ತವೆ. ಪ್ರೀತಿಯಿಂದ ಬೆರಳದ್ದಿ ಬಾಯಿಗಿಡುವ ಹಿರಿಯರಿಗೆ ಇದನ್ನು ಮೊದಲೇ ಮೆಲ್ಲನೆ ಹೇಳಿಡಿ. ಹಣ್ಣಿನ ತುಂಡಿಗೆ ಕಡ್ಡಿ ಚುಚ್ಚಿಡುವುದು ಚೆಂದ ಕಂಡರೂ ಬೇಡ.

ನಿಯಮ ಒಂದೇ: ತಿನ್ನುವಾಗ ಕೂತು ತಿನ್ನಬೇಕು. ಬಾಯಲ್ಲಿ ತುತ್ತಿಟ್ಟುಕೊಂಡು ಓಡುವ, ನಗುವ ಮಗುವಿಗೇ ಉಸಿರು ಕಟ್ಟುವುದು ಹೆಚ್ಚು. ನೆಲದ ಮೇಲೆ ಒಂದು ಹಾಸು ಹಾಕಿ ಅದನ್ನೇ ತಿಂಡಿಯ ಜಾಗ ಎಂದು ಗುರುತು ಮಾಡಿ.

ಮನೆಯಲ್ಲಿ ಒಬ್ಬರಿಗಾದರೂ ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ, ಉಸಿರಾಡಲು ಆಗದಿದ್ದರೆ, ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಬೇಕು. ಆಗಲಿಲ್ಲವೆಂದರೆ ಹಿಂದಿನಿಂದ ಅಪ್ಪಿ, ಹೊಕ್ಕುಳಿಗಿಂತ ಮೇಲೆ, ಎದೆಗೂಡಿಗಿಂತ ಕೆಳಗೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು, ಆಮೇಲೆ ತಿರುಗಿಸಿ ಎದೆಯ ನಡುವೆ ಐದು. ತುಂಡು ಹೊರಬರುವವರೆಗೂ ಹೀಗೆ ಒಂದಾದ ಮೇಲೊಂದು ಮುಂದುವರಿಸುತ್ತಲೇ ಇನ್ನೊಬ್ಬರಿಂದ ತುರ್ತು ಸಹಾಯಕ್ಕೆ ಕರೆ ಮಾಡಿಸಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಅಲರ್ಜಿ ಇರುವ ಮಗು ಬರುವುದಾದರೆ ಅದರ ಪಾಲನ್ನು ಎಲ್ಲರಿಗಿಂತ ಮೊದಲು ಬೇರೆ ಚಮಚದಿಂದ ಬಡಿಸಿ, ಮುಚ್ಚಿಡಿ. ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಮೀನು, ಸಿಗಡಿ-ಏಡಿ ಇವು ಹೆಚ್ಚಾಗಿ ಕಾಡುವವು. ಕೊಂಡು ತಂದ ತಿನಿಸಿನ ಹೊದಿಕೆಯನ್ನು ಎಸೆಯಬೇಡಿ, ತಾಯಿ ಕೇಳಿದಾಗ ಓದಲು ಬೇಕಾಗುತ್ತದೆ. ಹಾಲು, ಕೆನೆ, ಮೊಟ್ಟೆ ಹಾಕಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದೊಡ್ಡವರ ಬಿಸಿ ಪಾನೀಯಕ್ಕೆ ಮುಚ್ಚಳವಿರುವ ಲೋಟ, ಕುಡಿಯುವ ಜಾಗ ಅಡುಗೆಮನೆಯ ಪಕ್ಕ. ಲೋಟ ಕೈಯಲ್ಲಿದ್ದಾಗ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಮಾಡಿ ಕಾಲು ಗಂಟೆಯಾದ ಪಾನೀಯವೂ ಮಗುವಿನ ಚರ್ಮವನ್ನು ಸುಡಬಲ್ಲದು.

ಆಟ

ಎರಡು ವರ್ಷದವರು ಕೂಡಿ ಆಡುವುದಿಲ್ಲ, ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ಅದನ್ನು ಕೊರತೆ ಎಂದುಕೊಂಡು ವೃತ್ತದಲ್ಲಿ ಕೂರಿಸಲು ಹೋದರೆ ಐದು ನಿಮಿಷದಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಕುರ್ಚಿ ಆಟದಂಥ ಒಬ್ಬೊಬ್ಬರನ್ನೇ ಹೊರಗಿಡುವ ಆಟಗಳೂ ಈ ವಯಸ್ಸಿಗೆ ಬೇಡ, ಹೊರಗೆ ಕೂರಬೇಕೇಕೆ ಎಂಬುದೇ ಅವರಿಗೆ ತಿಳಿಯದು. ಒಂದೇ ಬಗೆಯ ವಸ್ತು ಮೂರು ನಾಲ್ಕು ಇಡಿ: ನಾಲ್ಕು ಚೆಂಡು, ನಾಲ್ಕು ಡಬ್ಬ, ನಾಲ್ಕು ಮರದ ಸೌಟು. ಹುಟ್ಟುಹಬ್ಬದ ಮಗುವಿನ ಜೀವದ ಗೊಂಬೆ, ಅದು ಯಾರಿಗೂ ಮುಟ್ಟಲು ಬಿಡದ ಕಾರು, ಇವನ್ನು ಬೆಳಿಗ್ಗೆಯೇ ಅದರ ಎದುರಿಗೇ ಎತ್ತಿಡಿ. 'ಹಂಚಿಕೊಂಡು ಆಡು' ಎಂದು ಎಲ್ಲರೆದುರು ಪಾಠ ಮಾಡುವ ಪ್ರಸಂಗ ತಪ್ಪುತ್ತದೆ.

ಎಲ್ಲ ವಯಸ್ಸಿಗೂ ಒಪ್ಪುವ ಆಟಗಳು ಮೂರೇ. ಎರಡು ಬದಿ ತೆರೆದ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿ ಟೇಪಿನಿಂದ ಜೋಡಿಸಿದ ಸುರಂಗ. ಪಿನ್ನು ಕಿತ್ತಿರಬೇಕು, ಮೂರು ಪೆಟ್ಟಿಗೆಗಿಂತ ಉದ್ದವಾದರೆ ನಡುವೆ ಸಿಕ್ಕಿಕೊಂಡ ಮಗುವನ್ನು ಹೊರತೆಗೆಯುವುದು ಕಷ್ಟ. ಎರಡನೆಯದು ನೆಲಕ್ಕೆ ಅಂಟಿಸಿದ ಉದ್ದನೆಯ ಕಾಗದ, ದಪ್ಪ ಕ್ರೇಯಾನುಗಳು. ಗೋಡೆಗೆ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ತನ್ನಿ, ಸಾಮಾನ್ಯ ಟೇಪು ಕಿತ್ತಾಗ ಅಂಟು ಉಳಿಯುತ್ತದೆ. ಮೂರನೆಯದು ಸೋಪಿನ ಗುಳ್ಳೆ. ಮೂರು ಲೋಟ ನೀರಿಗೆ ಅರ್ಧ ಲೋಟ ಪಾತ್ರೆ ತೊಳೆಯುವ ದ್ರವ, ಒಂದು ಚಮಚ ಗ್ಲಿಸರಿನ್, ಅದಿಲ್ಲದಿದ್ದರೆ ಎರಡು ಚಮಚ ಸಕ್ಕರೆ. ನೊರೆ ಬರದಂತೆ ಮೆಲ್ಲನೆ ಕಲಕಿ ಹಿಂದಿನ ರಾತ್ರಿಯೇ ಮಾಡಿಟ್ಟರೆ ಗುಳ್ಳೆ ಹೆಚ್ಚು ಹೊತ್ತು ನಿಲ್ಲುತ್ತದೆ. ಇದನ್ನು ಅಂಗಳದಲ್ಲೇ ಊದಿ. ನುಣುಪು ನೆಲದ ಮೇಲೆ ಹತ್ತು ನಿಮಿಷದಲ್ಲಿ ಜಾರುವ ಪದರ ಕಟ್ಟುತ್ತದೆ, ಬೀಳುವವರು ಮಕ್ಕಳೇ ಆಗಬೇಕೆಂದೇನಿಲ್ಲ.

ಆರರಿಂದ ಹತ್ತು ವರ್ಷದವರಿಗೆ ಆಟಕ್ಕಿಂತ ಹೊಣೆ ಕೊಟ್ಟರೆ ಹಿಗ್ಗು. ಗುಳ್ಳೆ ಊದುವವರು, ಚಪ್ಪಲಿ ಜೋಡಿಸುವವರು, ಫೋಟೋ ತೆಗೆಯುವವರು, ತಟ್ಟೆ ಹಂಚುವವರು. ಕೂಸನ್ನು ಎತ್ತಿಕೊಳ್ಳುವ ಕೆಲಸ ಮಾತ್ರ ಅವರಿಗೆ ಬೇಡ. ಸುಮಾರು ನಲವತ್ತನೆಯ ನಿಮಿಷಕ್ಕೆ ಅವರಿಗೆ ಬೇಸರ ಹತ್ತುತ್ತದೆ, ಆಗ ಹುಡುಕಾಟದ ಆಟ ತೆಗೆಯಿರಿ: ದೊಡ್ಡವರಿಗಾಗಿ ನೀಲಿ ಕಾಗದದ ಮೀನುಗಳನ್ನು ಒಂದು ಮೀಟರಿಗಿಂತ ಮೇಲೆ ಬಚ್ಚಿಡಿ, ಪುಟ್ಟವರಿಗಾಗಿ ಕೆಂಪು ಮೀನುಗಳನ್ನು ನೆಲದ ಮೇಲೆ ಅರ್ಧ ಕಾಣುವಂತೆ ಇಡಿ. ಒಂದೇ ಕೋಣೆಯಲ್ಲಿ ಎರಡು ಗುಂಪೂ ಹುಡುಕಬಹುದು, ದೊಡ್ಡವರು ಎಲ್ಲವನ್ನೂ ಬಾಚಿಕೊಳ್ಳುವುದಿಲ್ಲ.

ಗಂಟೆಯ ಲೆಕ್ಕ

ನಾಲ್ಕಕ್ಕೆ ಬಾಗಿಲು ತೆರೆದರೆ ಮೊದಲ ಇಪ್ಪತ್ತು ನಿಮಿಷ ಏನೂ ನಡೆಸಬೇಡಿ. ಬರುವವರು ಬರಲಿ, ಮಗು ಮಡಿಲಿನಿಂದ ಇಳಿಯಲಿ. ಬಂದವರೆಲ್ಲ ಅದನ್ನು ಎತ್ತಿಕೊಳ್ಳಲು ಮುಗಿಬೀಳದಂತೆ ಬಾಗಿಲಲ್ಲೇ ಹೇಳಿ: ಅದಾಗಿಯೇ ಬರುತ್ತದೆ. ನಾಲ್ಕು ಇಪ್ಪತ್ತರಿಂದ ಆಟ. ನಾಲ್ಕೂಮುಕ್ಕಾಲಿಗೆ ಕೇಕು. ಕೊನೆಗೆ ಇಟ್ಟುಕೊಳ್ಳುವುದು ರೂಢಿ, ಆದರೆ ಆ ಹೊತ್ತಿಗೆ ಮಗು ದಣಿದಿರುತ್ತದೆ, ತಡವಾಗಿ ಬರುವವರಿಗಾಗಿ ಕಾಯುತ್ತಾ ಕೂತರೆ ಇನ್ನೂ ಕೆಡುತ್ತದೆ. ತಡವಾಗಿ ಬಂದವರಿಗೂ ತುಂಡು ಸಿಗುತ್ತದೆಯಲ್ಲ. ಐದರಿಂದ ತಿಂಡಿ, ಐದೂ ಇಪ್ಪತ್ತಕ್ಕೆ ಹುಡುಕಾಟವೋ ಗುಳ್ಳೆಯೋ. ಕಡೆಯ ಹತ್ತು ನಿಮಿಷ ಉಡುಗೊರೆ ಚೀಲಗಳನ್ನು ಬಾಗಿಲ ಬಳಿ ತಂದಿಡಿ, ಹೊರಡುವ ಹೊತ್ತಾಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಕೇಕಿನ ಹೊತ್ತಿಗೆ ಅಳದ ಮಗು ಅಪರೂಪ. ದೀಪ ಆರಿಸಿ, ಇಪ್ಪತ್ತು ಜನ ಸುತ್ತುವರಿದು, ಒಮ್ಮೆಲೇ ಹಾಡಿ ಚಪ್ಪಾಳೆ ಹೊಡೆದರೆ ಯಾರಿಗಾದರೂ ಗಾಬರಿಯೇ. ದೀಪ ಉರಿಯುತ್ತಿರಲಿ, ಜನ ಒಂದೇ ಕಡೆ, ಮಗುವಿನ ಎದುರಿಗೆ ನಿಲ್ಲಲಿ, ಹಾಡು ಮೆಲುದನಿಯಲ್ಲಿರಲಿ. ಹಿಂದಿನ ಒಂದು ವಾರ ಮನೆಯವರು ದಿನಕ್ಕೊಮ್ಮೆ ಹಾಡಿ ಊದುವ ಆಟ ಆಡಿದರೆ ಅಂದು ಅದು ಹೊಸದೆನಿಸುವುದಿಲ್ಲ. ಮೇಣದ ಬತ್ತಿಯನ್ನು ಮಗುವಿಗೆಂದೇ ತಂದ ಒಂದು ಪುಟ್ಟ ಕೇಕಿಗೆ ಚುಚ್ಚಿ. ಈ ವಯಸ್ಸಿನವರು ಊದುವುದಕ್ಕಿಂತ ಉಗುಳುವುದೇ ಹೆಚ್ಚು, ದೊಡ್ಡ ಕೇಕು ಉಳಿದವರಿಗೆ ಶುಚಿಯಾಗಿ ಉಳಿಯುತ್ತದೆ. ಬತ್ತಿ ಮಗುವಿನ ತೋಳಿನ ಅಳತೆಗಿಂತ ದೂರ, ಕೂದಲು ಕಟ್ಟಿರಬೇಕು, ಮಗುವನ್ನು ಹಿಡಿದವರ ಒಂದು ಕೈ ಖಾಲಿಯಿರಬೇಕು. ಬತ್ತಿ ಹಚ್ಚುವುದು ಎಲ್ಲರೂ ನಿಂತಾದ ಮೇಲೆ, ಆರಿದ ತಕ್ಷಣ ಎತ್ತಿಡುವುದು. ಕೇಕಿನ ಮೇಲಿನ ತಂತಿ, ಕಡ್ಡಿ, ಗಟ್ಟಿ ಸಕ್ಕರೆ ಮುತ್ತು ಇವನ್ನು ಕತ್ತರಿಸುವ ಮೊದಲೇ ಕಿತ್ತು ಹಾಕಿ.

ಕಾವಲಿನ ವಿಚಾರ. ಹತ್ತು ಜನ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ತಿಳಿಯಿರಿ. ಬಾಗಿಲಿಗೊಬ್ಬರು, ಅಡುಗೆಮನೆಗೊಬ್ಬರು, ನೆಲದ ಮಕ್ಕಳಿಗೊಬ್ಬರು ಎಂದು ಹೆಸರು ಹಿಡಿದು ಒಪ್ಪಿಸಿ. ನೆಲದ ಕಾವಲಿನವರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಲಿ, ಬದಲಾಗುವಾಗ 'ಈಗ ನೀವು ನೋಡ್ಕೊಳ್ಳಿ' ಎಂದು ಬಾಯಲ್ಲಿ ಹೇಳಿ, ಆ ಕಡೆಯಿಂದ 'ಸರಿ' ಎಂದು ಕೇಳಿಸಿಕೊಂಡೇ ಎದ್ದು ಹೋಗಬೇಕು. ಆ ದಿನ ತಾಯಿಗಾಗಲೀ ತಂದೆಗಾಗಲೀ ಅಡುಗೆಮನೆ ಒಪ್ಪಿಸಬೇಡಿ. ಮಗು ಅವರನ್ನು ಹುಡುಕಿಕೊಂಡು ಬಿಸಿ ಒಲೆಯ ಹತ್ತಿರವೇ ಬರುತ್ತದೆ.

ಉಡುಗೊರೆಗಳನ್ನು ನೆಂಟರೆಲ್ಲ ಹೋದ ಮೇಲೆ ಬಿಚ್ಚಿ. ಎಲ್ಲರೆದುರು ಬಿಚ್ಚಿದರೆ ಬಂದ ಮಕ್ಕಳೆಲ್ಲರಿಗೂ ಅದೇ ಬೇಕು. ಯಾರು ಕೊಟ್ಟರೆಂಬುದು ಬೆರೆತುಹೋಗದಂತೆ ಪೊಟ್ಟಣದ ಮೇಲೆ ಹೆಸರು ಬರೆದು ಫೋಟೋ ತೆಗೆದುಕೊಳ್ಳಿ. ಬಂದ ಆಟಿಕೆಗಳ ಬ್ಯಾಟರಿ ಮುಚ್ಚಳ ತಿರುಪಿನಿಂದ ಬಿಗಿದಿದೆಯೇ ನೋಡಿ, ನೀರಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಬೇಡಿ: ನುಂಗಿದರೆ ಅವು ಹೊಟ್ಟೆಯೊಳಗೂ ಉಬ್ಬಿ ಕರುಳು ಕಟ್ಟುತ್ತವೆ. ಬಂದ ಮಕ್ಕಳಿಗೆ ಕೊಡುವುದೂ ಎರಡು ಬಗೆಯಿರಲಿ, ಮೂರರೊಳಗಿನವರಿಗೆ ರಟ್ಟಿನ ಪುಟಗಳ ಪುಸ್ತಕವೋ ದಪ್ಪ ಕ್ರೇಯಾನೋ, ದೊಡ್ಡವರಿಗೆ ಬೇರೆ. ಚೀಲದ ಬಣ್ಣವೇ ಬೇರೆ ಮಾಡಿಬಿಟ್ಟರೆ ಗಡಿಬಿಡಿಯಲ್ಲಿ ಅದಲುಬದಲಾಗುವುದಿಲ್ಲ.

ಎಲ್ಲರೂ ಹೊರಟ ಮೇಲೆ ಪಾತ್ರೆಗೆ ಕೈಹಾಕುವ ಮೊದಲು ನೆಲವನ್ನು ಇನ್ನೊಮ್ಮೆ ಮೊಣಕಾಲೂರಿ ನೋಡಿ, ಬಲೂನಿನ ಚೂರು, ಬಿದ್ದ ಮಾತ್ರೆ, ದ್ರಾಕ್ಷಿ, ದೊಡ್ಡ ಮಕ್ಕಳ ಆಟಿಕೆಯ ತುಂಡು ಆಗ ಸಿಗುತ್ತವೆ. ಅರ್ಧ ಕುಡಿದಿಟ್ಟ ಲೋಟಗಳನ್ನೂ ಆಗಲೇ ಎತ್ತಿ, ಮಗು ಇನ್ನೂ ಎಚ್ಚರವಿರುತ್ತದೆ.